ತಲೆ ಎಣಿಸದ ದೋಣಿ

ರಾಯಚೂರಿನ ಬಸ್ ನಿಲ್ದಾಣದಲ್ಲಿ ದೇವದುರ್ಗದ ಬಸ್ಸಿನ ಕಂಡಕ್ಟರ್ ನನ್ನನ್ನು ಹತ್ತಿಸಿಕೊಳ್ಳಲು ಸುತರಾಂ ಒಪ್ಪಲಿಲ್ಲ. ತಪ್ಪು ಅವನದಲ್ಲ. ನನ್ನ ಹೆಗಲ ಮೇಲೆ ಎರಡೂವರೆ ಅಡಿ ಉದ್ದದ ಕಬ್ಬಿಣದ ಸಿಲಿಂಡರ್ ಇತ್ತು. ಸಾಲದ್ದಕ್ಕೆ ಕೈಯಲ್ಲಿ ಕಪ್ಪೆಗಾಲಿನಂಥ ಎರಡು ರಬ್ಬರ್ ಪಾದಗಳು.

"ಗ್ಯಾಸ್ ಸಿಲಿಂಡರ್ ಬಸ್ಸಿನಾಗ ಒಯ್ಯಂಗಿಲ್ರೀ. ಇಳೀರಿ ಕೆಳಗ," ಎಂದ.

"ಗ್ಯಾಸ್ ಅಲ್ಲ, ಗಾಳಿ," ಎಂದೆ.

"ಗಾಳಿ ಹೊತಗೊಂಡು ಯಾರರೆ ತಿರಗತಾರೇನ್ರೀ? ದೇವದುರ್ಗದಾಗ ಗಾಳಿಗೇನು ಬರ ಬಂದದೇನು?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸಿಲಿಂಡರಿನ ತಿರುಪನ್ನು ಸಡಿಲಿಸಿ ಅವನ ಮುಖದ ಮುಂದೆಯೇ ಬುಸ್ಸೆನ್ನಿಸಿದೆ. ಮುಂದಿನ ಸೀಟಿನವರು ಎದ್ದು ನಿಂತರು. "ನೋಡು, ವಾಸನಿ ಅದೇನು? ಗಾಳಿ ಇದು, ಬರೇ ಗಾಳಿ!" ಎಂದು ಕೂಗಿದೆ. ಕಂಡಕ್ಟರ್ ದಾರಿ ಬಿಟ್ಟ. ಗೆದ್ದೆನೆಂದು ಬೀಗಿ ಕುಳಿತೆ. ಹಾಗೆ ಜಂಬಕ್ಕೆ ಹಾರಿಸಿದ ಗಾಳಿಗಾಗಿ ಮರುದಿನ ಎಷ್ಟು ಹಲುಬಿದೆನೆಂಬುದು ನನಗೊಬ್ಬನಿಗೇ ಗೊತ್ತು.

ಆಗ ನಾನು ತುಂಗಭದ್ರೆಯ ಕಡೆ ಒಬ್ಬ ಗುತ್ತಿಗೆದಾರನ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ಎಪ್ಪತ್ತರ ದಶಕವನ್ನೆಲ್ಲ ನೌಕಾಪಡೆಯಲ್ಲಿ ಮುಳುಗುಗಾರನಾಗಿ ಕಳೆದು, ಬಿಟ್ಟು ಬಂದು ಎರಡು ವರ್ಷವಾಗಿತ್ತು. ನೀರಿನೊಳಗೆ ಗೇಟುಗಳ ಬುಡದಲ್ಲಿ ಸಿಕ್ಕಿಕೊಂಡ ಮರದ ಬೊಡ್ಡೆ, ಕಲ್ಲು ತೆಗೆಯುವುದು ನನ್ನ ಕೆಲಸ. ಊರಿನಿಂದ ತಾರು ಬಂದಿತ್ತು: ದೋಣಿ ಮುಳುಗಿದೆ, ಸಾಮಾನು ತೆಗೆದುಕೊಂಡು ಬಾ. ಕಳಿಸಿದವನು ಅಪ್ಪ. ಜೀವಮಾನದಲ್ಲಿ ಅವನು ನನಗೆ ಕಳಿಸಿದ ತಾರು ಅದೊಂದೇ. ಗುತ್ತಿಗೆದಾರನ ಸಿಲಿಂಡರನ್ನು ಅವನಿಗೆ ಹೇಳಿಯೂ ಹೇಳದಂತೆ ಎತ್ತಿಕೊಂಡು, ಸಿಕ್ಕ ಸಿಮೆಂಟ್ ಲಾರಿ ಹತ್ತಿದೆ. ಲಾರಿಯವನು ಮಾನ್ವಿಯಲ್ಲಿ ಚಹಾಕ್ಕೆಂದು ನಿಲ್ಲಿಸಿದ. ಅಲ್ಲಿ ಅರ್ಧ ತಾಸು ಬೆಂಚಿನ ಮೇಲೆ ಕಾಲು ಚಾಚಿ ಕುಳಿತು ಎರಡು ಚಹಾ, ಒಂದು ಪ್ಲೇಟು ಮಿರ್ಚಿ ಮುಗಿಸಿದೆ. ಅಲ್ಲೇ ಎರಡು ಓಣಿ ದಾಟಿ ಒಂದು ಮನೆಯ ಬಾಗಿಲು ತಟ್ಟಿ ಒಂದು ಮಾತು ಕೇಳಿದ್ದರೆ ಎಷ್ಟೋ ತಿಳಿಯುತ್ತಿತ್ತು. ಆದರೆ ಏನು ಕೇಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮದು ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಊರು. ಅಜ್ಜನ ಕಾಲದಿಂದ ದೋಣಿ ನಮ್ಮ ಮನೆಯದು. ಹಲಗೆಯ ದೊಡ್ಡ ದೋಣಿ, ಡಾಂಬರು ಬಳಿದದ್ದು. ಜನ, ಕುರಿ, ಚೀಲ, ಸೈಕಲ್ಲು, ಎಲ್ಲವನ್ನೂ ಆಚೆ ದಂಡೆಗೆ ದಾಟಿಸುತ್ತಿತ್ತು. ದಾಟಿದಾಗಲೆಲ್ಲ ಬಾಡಿಗೆ ಕೊಡುವ ಪದ್ಧತಿ ಇರಲಿಲ್ಲ. ರಾಶಿಯ ಕಾಲಕ್ಕೆ ಎರಡೂ ದಂಡೆಯ ಊರುಗಳವರು ಮನೆಗಿಷ್ಟೆಂದು ಜೋಳ ಅಳೆದು ಕೊಟ್ಟರೆ ವರ್ಷದ ಲೆಕ್ಕ ಮುಗಿಯಿತು. ಹೀಗಾಗಿ ಚೀಟಿಯಿಲ್ಲ, ಯಾರು ಹತ್ತಿದರು ಯಾರು ಇಳಿದರು ಎಂಬ ಗುರುತಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ನಮ್ಮ ಮನೆಯಲ್ಲಿ ದೋಣಿಯೊಳಗಿನ ತಲೆ ಎಣಿಸಬಾರದು. ಹೊಲದಲ್ಲಿ ಎಣಿಸು, ಕಟ್ಟೆಯ ಮೇಲೆ ಎಣಿಸು, ನೀರಿನ ಮೇಲೆ ಮಾತ್ರ ಎಣಿಸಬಾರದು. ಸಾಲೆಗೆ ಹೋಗಲು ಶುರು ಮಾಡಿದ ಹೊಸತರಲ್ಲಿ ನನ್ನ ಹೊಸ ವಿದ್ಯೆ ತೋರಿಸಲು ದೋಣಿಯಲ್ಲಿ ಕೂತವರನ್ನು ಒಂದು, ಎರಡು ಎಂದು ಜೋರಾಗಿ ಎಣಿಸಿದ್ದೆ. ಹದಿನಾಲ್ಕಕ್ಕೆ ಬಂದಾಗ ಅಪ್ಪ ಹುಟ್ಟು ಬಿಟ್ಟು ಬಂದು ಕಪಾಳಕ್ಕೆ ಬಾರಿಸಿದ. "ನಾವು ಎಣಸಿದ್ರ ಗಂಗವ್ವನೂ ಕೇಳ್ತಾಳ. ಆಕಿ ಎಣಸಾಕ ಸುರು ಮಾಡಿದ್ರ ಒಂದು ತನಗಂತ ಇಟಗೊಂತಾಳ," ಎಂದ. ಮುಂದೆ ನೌಕಾಪಡೆಯಲ್ಲಿ ನೀರಿಗಿಳಿಯುವವರ ತಲೆಗಳನ್ನು ಇಳಿಯುವ ಮೊದಲೊಮ್ಮೆ, ಎದ್ದ ಮೇಲೊಮ್ಮೆ ಎಣಿಸಿ ಹಲಗೆಯ ಮೇಲೆ ಬರೆಯುತ್ತಿದ್ದರು. ರಜೆಗೆ ಬಂದಾಗ ಅದನ್ನು ಹೇಳಿ ಅಪ್ಪನನ್ನು ಕಾಡಿಸುತ್ತಿದ್ದೆ. ಅವನು ಬೀಡಿ ಸೇದುತ್ತ ಕೇಳಿಸದವನಂತೆ ಕುಳಿತಿರುತ್ತಿದ್ದ.

ಬಸ್ಸಿಳಿದು ಊರು ಮುಟ್ಟಿದಾಗ ದೋಣಿ ಮುಳುಗಿ ಮೂರು ದಿನವಾಗಿತ್ತು. ದೇವದುರ್ಗದ ಸಂತೆ ಮುಗಿಸಿದವರನ್ನೂ ರಾಯಚೂರಿನ ಗಿರಣಿಯ ಅಕ್ಕಿ ಚೀಲಗಳನ್ನೂ ತುಂಬಿಕೊಂಡು ಸಂಜೆ ಆಚೆ ದಂಡೆಗೆ ಹೊರಟ ದೋಣಿ ಅದು. ನಡುಹೊಳೆಯಲ್ಲಿ ಒಂದು ಹಾಸುಬಂಡೆಯಿದೆ. ಮಳೆಗಾಲದಲ್ಲಿ ಮುಳುಗಿ ಚಳಿಗಾಲದಲ್ಲಿ ತಲೆ ಎತ್ತುತ್ತದೆ. ಆ ವರ್ಷ ಅದು ಇನ್ನೂ ಅರ್ಧ ಮುಳುಗಿಯೇ ಇತ್ತು. ದೋಣಿಯ ಮೂತಿ ಅದಕ್ಕೆ ಬಡಿಯಿತು, ಚೀಲಗಳು ಒಂದೇ ಮಗ್ಗುಲಿಗೆ ಜಾರಿದವು, ಎಣಿಸಿ ಹತ್ತು ಹೇಳುವಷ್ಟರಲ್ಲಿ ಬಂಡೆಯ ಪಕ್ಕದ ಮಡುವಿನಲ್ಲಿ ದೋಣಿ ಕಾಣೆಯಾಯಿತು. ಎರಡೂ ದಂಡೆಯಿಂದ ಹರಿಗೋಲುಗಳು ಓಡಿದವು. ಕೆಲವರು ಈಜಿ ಈಚೆಗೆ ಬಂದರು, ಕೆಲವರನ್ನು ಆಚೆಗೆ ಎಳೆದರು. ಬದುಕಿದೆವಲ್ಲ ಎಂದು ಒದ್ದೆ ಬಟ್ಟೆಯಲ್ಲೇ ಅವರವರ ಊರಿನ ದಾರಿ ಹಿಡಿದರು. ಒಂದು ಹೆಣವೂ ಸಿಗಲಿಲ್ಲ. ಊರು ಗಂಗವ್ವನಿಗೆ ಕಾಯಿ ಒಡೆಯಿತು.

ಮರುದಿನ ಬೆಳಿಗ್ಗೆ, ಪಾರಾಗಿ ಬಂದವರಲ್ಲೊಬ್ಬ, "ನನ್ನ ಬೆನ್ನ ಹಿಂದ ಒಂದು ಹೆಣ್ಮಗಳು ಕುಂತಿದ್ದಳಲ್ಲ, ಹಳದಿ ಸೀರಿ, ಆಕಿ ಯಾವ ದಂಡಿಗೆ ಬಂದಳು?" ಎಂದು ಕೇಳಿದನಂತೆ. ಯಾರಿಗೂ ಗೊತ್ತಿರಲಿಲ್ಲ. ಇನ್ನೊಬ್ಬ, ಅಂಥ ಹೆಣ್ಣುಮಗಳೇ ಇರಲಿಲ್ಲ ಎಂದ. ಮತ್ತೊಬ್ಬ, ಇದ್ದಳು, ಆದರೆ ದೋಣಿ ಬಿಡುವ ಮೊದಲೇ ಇಳಿದು ಹೋದಳು ಎಂದ. ಎಲ್ಲರೂ ತಿರುಗಿ ನಮ್ಮಪ್ಪನನ್ನು ಕೇಳಿದರು. ನಲವತ್ತು ವರ್ಷ ದೋಣಿ ನಡೆಸಿದವನು, ಎಷ್ಟು ಜನ ಹತ್ತಿದ್ದರೆಂದು ಹೇಳಲಾರದೆ ನಿಂತ.

ಹಳದಿ ಸೀರೆಯ ಗುರುತಿನ ಮೇಲೆ ಆಚೆ ದಂಡೆಯ ಒಬ್ಬ ಹೆಂಗಸು ಹರಿಗೋಲಿನಲ್ಲಿ ಈಚೆಗೆ ಬಂದಳು. ಅವಳ ಮಗಳನ್ನು ಮಾನ್ವಿಗೆ ಕೊಟ್ಟಿತ್ತು. ಆ ಮಗಳಿಗೊಂದು ಹಳದಿ ಸೀರೆಯಿತ್ತು. ವಿಚಾರಿಸಿ ಬರಲು ಮಾನ್ವಿಗೆ ಒಬ್ಬನನ್ನು ಬಸ್ಸಿನಲ್ಲಿ ಕಳಿಸಿದ್ದರು, ಅವನು ಇನ್ನೂ ತಿರುಗಿ ಬಂದಿರಲಿಲ್ಲ. ಈಜು ಬಲ್ಲವರು ಉಸಿರು ಕಟ್ಟಿ ಮುಳುಗಿ ನೋಡಿದ್ದರು. ಐದಾಳು ಆಳ, ಒಳಗೆ ಕತ್ತಲೆ, ಹಲ್ಲು ಕಡಿಸುವ ಥಂಡಿ. ದೋಣಿಯ ಅಂಚು ಮುಟ್ಟಿ ಎದ್ದು ಬಂದಿದ್ದರು, ಒಳಗೆ ಹೋಗುವಷ್ಟು ಉಸಿರು ಯಾರಿಗೂ ಇರಲಿಲ್ಲ. ನನಗೆ ತಾರು ಬಂದದ್ದು ಆಗ.

ನಾನು ಹೊಳೆಯ ದಂಡೆಗೆ ಹೋದಾಗ ಅಪ್ಪ ಜಾಲಿಯ ಕೆಳಗೆ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಅವನ ಪಕ್ಕದಲ್ಲಿ ಆ ಹೆಂಗಸು ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ನಾನು ಅಂದುಕೊಂಡದ್ದು, ಅವಳು ಅಪ್ಪನ ಮೈಮೇಲೆ ಮಣ್ಣು ತೂರಿ ಬಾಯಿಗೆ ಬಂದಂತೆ ಬೈಯುತ್ತಿರಬಹುದೆಂದು. ನೋಡಿದರೆ ಅವಳೇ ಅವನಿಗೆ ಊಟ ಮಾಡಿಸಲು ನೋಡುತ್ತಿದ್ದಳು.

"ಒಂದ್ ತುತ್ತು ತಿನ್ರೀ ಅಣ್ಣಾ. ನನ್ನ ಮಗಳು ಬಂದೇ ಇಲ್ಲ. ಉಗಾದಿ ಮುಗದ ಮ್ಯಾಲ ನಾನೇ ಹೋಗಿ ಕರಕೊಂಡು ಬರೂದು ಅಂತ ಮಾತಾಗ್ಯಾದ. ಅತ್ತಿ ಒಬ್ಬಾಕಿನ್ನೇ ಹೆಂಗ ಕಳಸ್ತಾಳ? ಮಂದಿ ಮಾತು ಕಟಗೊಂಡು ನೀವ್ಯಾಕ ಉಪಾಸ ಸಾಯ್ತೀರಿ?"

ಅಪ್ಪ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡ, ಬಾಯಿಗಿಡಲಿಲ್ಲ. ಎರಡು ದಿನದಿಂದ ಅದೇ ನಡೆದಿತ್ತಂತೆ. ಅವಳು ಮಗಳು ಬಂದಿಲ್ಲವೆಂದು ಅವನಿಗೆ ಸಮಾಧಾನ ಹೇಳುವುದು, ಅವನು ರೊಟ್ಟಿ ಹಿಡಿದು ಕೂರುವುದು. ಮನೆಗೆ ಹೋಗೆಂದರೆ ಅವಳೂ ಹೋಗುತ್ತಿರಲಿಲ್ಲ.

ರಾತ್ರಿ ಅಪ್ಪ ನನಗೆ ಹೇಳಿದ್ದು ಇಷ್ಟೇ: "ನನಗ ಖರೇನ ನೆನಪಿಲ್ಲಪಾ. ಹಳದಿ ಸೀರಿ ನೋಡಿದಂಗೂ ಅನಸ್ತದ, ನೋಡಿಲ್ಲದಂಗೂ ಅನಸ್ತದ. ಇಳದು ನೋಡಿ ಬಾ. ಆಕಿ ಇಲ್ಲಂದ್ರ ನಾ ಉಣ್ಣತೀನಿ."

ಮರುದಿನ ಬಿಸಿಲೇರುವವರೆಗೆ ಕಾದು ಹರಿಗೋಲಿನಲ್ಲಿ ಹಾಸುಬಂಡೆಗೆ ಹೋದೆವು. ದೋಣಿ ಬಿದ್ದದ್ದು ಅದರ ಕೆಳಗಿನ ಮಡುವಿನಲ್ಲೇ. ಆ ಹೆಂಗಸು ದಂಡೆಯ ಮೇಲಿರಲು ಒಪ್ಪದೆ ನಮ್ಮ ಜೊತೆ ಬಂದು ಬಂಡೆಯ ಮೇಲೆ ಕೂತಳು. ನನ್ನ ಹತ್ತಿರ ಇದ್ದ ರಬ್ಬರ್ ಅಂಗಿ ಎದೆ, ತೋಳು ಮುಚ್ಚುವಷ್ಟೇ, ಬಗಲಲ್ಲಿ ಹರಿದದ್ದು. ಸಿಲಿಂಡರ್ ಪೂರ್ತಿ ತುಂಬಿದ್ದೂ ಅಲ್ಲ. ರಾಯಚೂರಿನಲ್ಲಿ ಲಾರಿಯ ಟೈರಿಗೆ ಗಾಳಿ ಸಿಗುತ್ತಿತ್ತು, ಇದಕ್ಕಲ್ಲ. ಎಷ್ಟು ಉಳಿದಿದೆ ಎಂದು ತೋರಿಸುವ ಗಡಿಯಾರ ಅದಕ್ಕಿರಲಿಲ್ಲ. ಇಪ್ಪತ್ತು ನಿಮಿಷವೆಂದು ನನ್ನ ಅಂದಾಜು. ಆ ಕಾಲದ ಸಿಲಿಂಡರಿನ ಪಕ್ಕದಲ್ಲಿ ಒಂದು ಸರಳಿರುತ್ತಿತ್ತು. ಉಸಿರು ಬಿಗಿಯತೊಡಗಿದಾಗ ಅದನ್ನು ಕೆಳಕ್ಕೆ ಜಗ್ಗಿದರೆ, ಮೀಸಲಿಟ್ಟ ಕೊನೆಯ ನಾಲ್ಕೈದು ನಿಮಿಷದ ಗಾಳಿ ಬರುತ್ತದೆ. ಅದನ್ನೇ ನಂಬಿಕೊಂಡಿದ್ದೆ.

ಹಗ್ಗದ ಒಂದು ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿ ಇನ್ನೊಂದನ್ನು ಅಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಮುಂಗೈಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ. ನನಗೆ ಅದನ್ನು ನೋಡಿ ಕನಿಕರ ಬರಬೇಕಿತ್ತು, ಸಿಟ್ಟು ಬಂತು. ನೀರಿಗಿಳಿಯುವ ಮೊದಲಿನ ಹೆದರಿಕೆ ನನ್ನಲ್ಲಿ ಯಾವಾಗಲೂ ಸಿಟ್ಟಾಗಿಯೇ ಹೊರಬರುತ್ತಿತ್ತು.

"ಒಂದ್ಸಲ ಎಣಸಿದ್ರ ಇಷ್ಟೆಲ್ಲ ಆಗತಿತ್ತೇನು? ಇಪ್ಪತ್ತು ಹತ್ಯಾರ, ಇಪ್ಪತ್ತು ಎದ್ದಾರ, ಮುಗೀತು. ನಿನ್ನ ಗಂಗವ್ವಗ ಹೆದರಿ ನನ್ನ ಈ ಥಂಡ್ಯಾಗ ಇಳಸಾಕತ್ತೀ," ಎಂದುಬಿಟ್ಟೆ.

ಅಪ್ಪ ನನ್ನ ಸೊಂಟದ ಗಂಟನ್ನು ಮತ್ತೊಮ್ಮೆ ಬಿಗಿದು ನೋಡಿದ. ಆ ಹೆಂಗಸೇ ನನ್ನನ್ನು ಗದರಿದಳು: "ಹಡದ ತಂದಿಗೆ ಹಂಗ ಅನಬ್ಯಾಡ ಯಪ್ಪಾ. ಇಳದು ಬಾ. ಅಲ್ಲಿ ಏನೂ ಇಲ್ಲ, ಬರಿಗೈಲೇ ಬರ್ತೀ ನೋಡು."

ಪುಷ್ಯದ ಕೃಷ್ಣೆ ಮೇಲೆ ಬಿಸಿಲಿಗೆ ಮಿನುಗುತ್ತಿದ್ದರೂ ಒಂದಾಳು ಕೆಳಗೆ ಬೇರೆಯೇ ನೀರು. ಹಣೆಯನ್ನು ಯಾರೋ ಇಕ್ಕಳದಲ್ಲಿ ಹಿಡಿದಂತಾಯಿತು. ಬಗಲಿನ ಹರಕಿನಿಂದ ಒಳಗೆ ನುಗ್ಗಿದ ನೀರಿಗೆ ಉಸಿರು ಸಿಕ್ಕಿಬಿತ್ತು. ಹೆದರಿದವನು ಬೇಗ ಬೇಗ ಉಸಿರಾಡುತ್ತಾನೆ, ಚಳಿಯಾದವನೂ ಹಾಗೆಯೇ. ನಾನು ಎರಡೂ ಆಗಿದ್ದೆ. ಒಂದು ಕಲ್ಲನ್ನು ಹಿಡಿದು ನಿಂತು, ಉಸಿರನ್ನು ಹದಕ್ಕೆ ತಂದುಕೊಂಡು ಮತ್ತೆ ಇಳಿದೆ. ಬೆಳಕು ಹಸಿರಾಯಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಚಾಚಿದ ಕೈಯ ಬೆರಳು ಕಂಡರೆ ಹೆಚ್ಚು ಎನ್ನುವಂತಾಯಿತು.

ದೋಣಿ ಬಂಡೆಯ ಬುಡಕ್ಕೆ ಮಗ್ಗುಲಾಗಿ, ಬಾಯಿ ಬಂಡೆಯ ಕಡೆಗಿದ್ದು ಒರಗಿತ್ತು. ನಾನು ಹುಟ್ಟಿದಾಗಿನಿಂದ ಕೂತ, ಮಲಗಿದ ದೋಣಿ. ಅದರ ಅಂಚಿನ ಪ್ರತಿ ಗಂಟೂ ನನ್ನ ಅಂಗೈಗೆ ಗೊತ್ತಿತ್ತು. ಆದರೂ ಅದನ್ನು ಮುಟ್ಟಿದ ಕೂಡಲೇ ಕೈ ಹಿಂದಕ್ಕೆಳೆದುಕೊಂಡೆ. ಸಮುದ್ರದಲ್ಲಿ ಬೇರೆಯವರ ಹಡಗಿನೊಳಗೆ ಹೊಕ್ಕಾಗ ಹೀಗಾಗಿರಲಿಲ್ಲ. ಮೊದಲು ಹೊರಗಿನಿಂದ ಒಂದು ಸುತ್ತು ಬಂದೆ. ಒಂದು ಚಪ್ಪಲಿ, ಒಂದು ಬುಟ್ಟಿ, ಮುರಿದ ಹುಟ್ಟು. ಹಗ್ಗವನ್ನು ಒಮ್ಮೆ ಜಗ್ಗಿದೆ, ಕ್ಷೇಮ ಎಂದು. ಮೇಲಿನಿಂದ ಅಪ್ಪ ಒಮ್ಮೆ ಜಗ್ಗಿದ.

ಒಳಗೆ ಹೋಗಲು ಒಂದೇ ದಾರಿ, ಅಡ್ಡಹಲಗೆಯ ಕೆಳಗೆ. ಬೆನ್ನ ಮೇಲಿನ ಸಿಲಿಂಡರ್ ಹಲಗೆಗೆ ಉಜ್ಜಿತು, ಸಿಕ್ಕಿಕೊಂಡಿತು. ಮೈ ಕೊಸರಿ ಒಳಗೆ ನುಸುಳಿದೆ. ಕೈಯಾಡಿಸಿದೊಡನೆ ತಳದ ರಾಡಿ ಎದ್ದು ಪೂರ್ತಿ ಕತ್ತಲಾಯಿತು. ಅಲ್ಲಿಂದ ಮುಂದೆ ಕಣ್ಣಿದ್ದೂ ಇಲ್ಲ, ಕೈಯೇ ಎಲ್ಲ. ಜಾರಿ ಗುಡ್ಡೆಯಾದ ಅಕ್ಕಿಯ ಚೀಲಗಳು ನೆನೆದು ಕಲ್ಲಿನಂತಾಗಿದ್ದವು. ಒಂದೊಂದನ್ನೇ ತಡವುತ್ತ ಹೋದೆ. ಎರಡು ಚೀಲಗಳ ನಡುವೆ ಕೂದಲು ಸಿಕ್ಕಿತು.

ಕೈ ತೆಗೆಯಲಿಲ್ಲ, ತೆಗೆದರೆ ಮತ್ತೆ ಇಡುವ ಧೈರ್ಯ ಬರುತ್ತಿರಲಿಲ್ಲ. ಕೂದಲಿನಿಂದ ಮುಂದಕ್ಕೆ ತಡವಿದೆ. ಕಿವಿ ಸಿಕ್ಕಿತು. ಉದ್ದನೆಯ ಕಿವಿ. ಆಮೇಲೆ ಕೊಂಬಿನ ಮೊಳಕೆ. ಯಾರದೋ ಆಡಿನ ಮರಿ, ಸಂತೆಯಲ್ಲಿ ಕೊಂಡದ್ದು. ಬಾಯಲ್ಲಿ ರಬ್ಬರ್ ನಳಿಕೆ ಕಚ್ಚಿಕೊಂಡೇ ನಕ್ಕೆ, ಗುಳುಗುಳು ಎಂದು ಗಾಳಿ ಹೋಯಿತು. ಸಾಕು, ಇಷ್ಟೇ ಇದ್ದದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಹೊರಳಿ ಹೊರಟೂ ಬಿಟ್ಟಿದ್ದೆ. ಅಪ್ಪ ಉಣ್ಣುತ್ತಾನೆ, ಆ ತಾಯಿ ಮನೆಗೆ ಹೋಗುತ್ತಾಳೆ, ನಾನು ಬಿಸಿಲಿಗೆ ಮೈ ಕಾಯಿಸುತ್ತೇನೆ. ಆದರೆ ದೋಣಿಯ ಹಿಂಬದಿಯ ಮೂಲೆಯೊಂದು ಉಳಿದಿತ್ತು. ನೋಡದೆ ಹೋದರೆ ಇಡೀ ಜನ್ಮ ಅಪ್ಪನ ಹಾಗೆಯೇ ನನಗೂ ಗೊತ್ತಿಲ್ಲ ಎಂದಾಗುತ್ತಿತ್ತು. ಬೈದುಕೊಳ್ಳುತ್ತ ತಿರುಗಿದೆ.

ಆ ಮೂಲೆಯಲ್ಲಿ, ಮೂರು ಚೀಲಗಳ ಕೆಳಗಿನಿಂದ ಒಂದು ಕೈ ಹೊರಗೆ ಚಾಚಿತ್ತು. ಬಳೆಗಳು ಒಂದೂ ಒಡೆದಿರಲಿಲ್ಲ.

ಬೆರಳುಗಳು ನೀರಿನಷ್ಟೇ ತಣ್ಣಗಿದ್ದವು. ನಾನು ಆ ಕೈಯನ್ನು ಹಿಡಿದುಕೊಂಡೆ, ಎಷ್ಟು ಹೊತ್ತೋ ತಿಳಿಯದು. ಕೆಲಸವೆಂದು ಹೆಣ ತೆಗೆದವನು ನಾನು, ಆದರೆ ಯಾವ ಹೆಣದ ತಾಯಿಯೂ ನನ್ನ ತಲೆಯ ಮೇಲೆ ಬಂಡೆಯಲ್ಲಿ ಕೂತು, ಬರಿಗೈಲೇ ಬರ್ತೀ ನೋಡು ಎಂದು ಹೇಳಿ ಕಳಿಸಿರಲಿಲ್ಲ. ಅಳು ಬಂತು. ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡದೊಳಗೆ ಅಳುವುದು ಕಷ್ಟ, ಕಣ್ಣೀರು ಒರೆಸಲಾಗುವುದಿಲ್ಲ.

ಮೊದಲ ಚೀಲವನ್ನು ಭುಜ ಕೊಟ್ಟು ಉರುಳಿಸಿದೆ. ಎರಡನೆಯದು ಹರಿದು ಅಕ್ಕಿ ಕೈಯ ಮೇಲೆಲ್ಲ ಸುರಿಯಿತು. ಮೂರನೆಯದನ್ನು ತಳ್ಳುವಾಗ ಉಸಿರು ಬಿಗಿಯಿತು. ಹೆದರಲಿಲ್ಲ, ಸರಳು ಇತ್ತಲ್ಲ. ಕೈ ಹಿಂದೆ ಮಾಡಿ ಜಗ್ಗಿದೆ. ಅದು ಜಗ್ಗಲಿಲ್ಲ. ಆಗಲೇ ಕೆಳಗೆ ಬಂದುಬಿಟ್ಟಿತ್ತು. ಅಡ್ಡಹಲಗೆಯ ಕೆಳಗೆ ನುಸುಳುವಾಗ ಸಿಕ್ಕಿ ಕೆಳಕ್ಕೆ ಜಾರಿರಬೇಕು. ಮೀಸಲು ಎಂದು ನಾನು ನಂಬಿದ್ದ ಗಾಳಿಯನ್ನು ಇಷ್ಟು ಹೊತ್ತು ಉಸಿರಾಡಿ ಮುಗಿಸಿದ್ದೆ. ಇನ್ನು ನಾಲ್ಕು ಉಸಿರೋ ಐದೋ. ರಾಯಚೂರಿನ ಬಸ್ಸಿನಲ್ಲಿ ಕಂಡಕ್ಟರನ ಮುಖಕ್ಕೆ ಹಾರಿಸಿದ ಗಾಳಿ ನೆನಪಾಗಿ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳುವಂತಾಯಿತು.

ಬಿಟ್ಟು ಮೇಲೆದ್ದರೆ ಮತ್ತೆ ಇಳಿಯಲು ಗಾಳಿಯಿಲ್ಲ. ಈ ಕತ್ತಲಲ್ಲಿ ಈ ಮೂಲೆ ಇನ್ನೊಬ್ಬನಿಗೆ ಸಿಗುವುದಿಲ್ಲ. ಸೊಂಟದ ಹಗ್ಗ ಬಿಚ್ಚಿದೆ. ಥಂಡಿಗೆ ಬೆರಳು ಕೇಳುತ್ತಿರಲಿಲ್ಲ, ಗಂಟು ನೆನೆದು ಬಿಗಿದಿತ್ತು. ಒಂದು ಉಸಿರು ಗಂಟು ಬಿಚ್ಚಲು ಹೋಯಿತು. ಇನ್ನೊಂದು, ಚೀಲದ ಸಂದಿಯಲ್ಲಿ ಕೈ ತೂರಿಸಿ ಅವಳ ಬಗಲಿನ ಕೆಳಗೆ ಹಗ್ಗ ಸುತ್ತಿ ಗಂಟು ಹಾಕಲು. ಮೂರನೆಯ ಉಸಿರು ಎಳೆದಾಗ ಬರೀ ರಬ್ಬರಿನ ರುಚಿ ಬಂತು. ಅಡ್ಡಹಲಗೆಯ ಕೆಳಗೆ ಹೇಗೆ ನುಸುಳಿದೆನೋ ನೆನಪಿಲ್ಲ, ತೊಡೆಯ ಚರ್ಮ ಕಿತ್ತುಹೋದದ್ದು ಆಮೇಲೆ ಗೊತ್ತಾಯಿತು. ಹಸಿರು ಬೆಳಕು ಕಂಡಿತು. ಉಳಿದ ಉಸಿರನ್ನು ಬಿಡುತ್ತ ಬಿಡುತ್ತ ಮೇಲೆ ಬಂದೆ.

ಬಂಡೆಯ ಅಂಚನ್ನು ಹಿಡಿದು ಕೆಮ್ಮುತ್ತಿದ್ದೆ. ಮೊದಲು ಓಡಿ ಬಂದವಳು ಆ ತಾಯಿಯೇ. ನನ್ನ ಎರಡೂ ಕೈಗಳನ್ನು ಹಿಡಿದು ಮೇಲಕ್ಕೆಳೆದಳು, ಅಂಗೈ ತಿರುಗಿಸಿ ನೋಡಿದಳು. ಖಾಲಿ. ಅವಳ ಮುಖವೆಲ್ಲ ನಗೆಯಾಯಿತು.

"ಬರಿಗೈಲೇ ಬಂದಿ! ನಾ ಹೇಳಲಿಲ್ಲೇನು? ನಿನ್ನ ಹೊಟ್ಟಿ ತಣ್ಣಗಿರಲಿ ನನ್ನಪ್ಪಾ, ನಿನ್ನ ಹೊಟ್ಟಿ ತಣ್ಣಗಿರಲಿ!" ಎಂದು, ನಾನು ಸಿಲಿಂಡರ್ ಕಳಚುತ್ತಲೇ ತನ್ನ ಕೌದಿಯನ್ನು ನನಗೆ ಹೊದಿಸಿ, ಬೆನ್ನು ತಿಕ್ಕತೊಡಗಿದಳು. ತಿಕ್ಕುತ್ತಲೇ ಅಪ್ಪನ ಕಡೆ ತಿರುಗಿ, "ಈಗರೆ ಉಣ್ರೀ ಅಣ್ಣಾ," ಎಂದಳು.

ನಾನು ಬಾಯಿ ತೆರೆದೆ. ಹಲ್ಲು ಕಟಕಟ ಎನ್ನುತ್ತಿದ್ದವು, ಮಾತು ಹೊರಡಲಿಲ್ಲ. ಚಳಿಗೆ ಹೊರಡಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನಾನು ಹೇಡಿಯಾಗಿದ್ದೆ. ಆ ನಗೆಯನ್ನು ನಾನು ಆರಿಸಬಾರದೆಂದು ಕೌದಿಯೊಳಗೆ ಮುಖ ಮುಚ್ಚಿಕೊಂಡೆ.

ನಾನು ಎದ್ದು ಬಂದೆನೆಂದು ಅಪ್ಪ ಹಗ್ಗವನ್ನು ಸುತ್ತಿಡಲು ಎಳೆಯುತ್ತಿದ್ದ. ಒಂದು ಮಾರು ಬಂತು, ಎರಡು ಮಾರು ಬಂತು, ನಿಂತಿತು. ಮತ್ತೆ ಎಳೆದ. ಹಗ್ಗ ಬಿಗಿಯಿತು. ಅವನು ನನ್ನ ಸೊಂಟ ನೋಡಿದ. ಹಗ್ಗ ಹೋಗಿ ಮುಳುಗಿದ ನೀರನ್ನು ನೋಡಿದ. ಮತ್ತೊಮ್ಮೆ, ಬಹಳ ಮೆತ್ತಗೆ, ಎರಡು ಬೆರಳಿನಿಂದ ಎಳೆದು ನೋಡಿದ. ನೀರಿನಲ್ಲಿ ಭಾರ ಹೇಗಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಗ್ಗ ಬಿಡದೆಯೇ ಅವನು ಅವಳ ಮುಂದೆ ಬಂದು ಮೊಣಕಾಲೂರಿದ.

"ಯವ್ವಾ," ಎಂದ. "ನಿನ್ನ ಮಗಳು ನನ್ನ ದೋಣ್ಯಾಗ ಇದ್ದಳು. ಅವ ಹೇಳಾಕ ಅಂಜ್ಯಾನ. ನನ್ನ ತಪ್ಪದ ಇದು, ನಾ ಹೇಳಾಕತ್ತೀನಿ."

ನನ್ನ ಬೆನ್ನ ಮೇಲಿನ ಅವಳ ಕೈ ನಿಂತಿತು. ದಂಡೆಯ ಮೇಲಿದ್ದವರಿಗೆ ಏನೂ ಕೇಳಿಸಿರಲಿಲ್ಲ, ಯಾರೋ ಏನಾಯಿತೆಂದು ಕೂಗಿ ಕೇಳುತ್ತಿದ್ದರು. ಅವಳು ಅಪ್ಪನನ್ನು ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಹಗ್ಗವನ್ನು, ಅದು ನೀರಿಗೆ ಇಳಿದ ಜಾಗವನ್ನು ನೋಡುತ್ತ ಕೂತಿದ್ದಳು. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನ ಮುಂದೆ ನಿಂತು ಹಗ್ಗಕ್ಕೆ ಕೈ ಹಾಕಿದಳು. ನಾನೂ ಕೌದಿ ಬಿಸುಟು ಎದ್ದು ಹಿಡಿದೆ. ಚೀಲದ ಸಂದಿಯಿಂದ ಬರಬೇಕಲ್ಲ ಎಂದು ನಾನು ಕಾಲೂರಿ ಜೋರಾಗಿ ಜಗ್ಗಿದೆ.

"ಮೆಲ್ಲಕ," ಎಂದಳು. ತಿರುಗಿ ನೋಡಲಿಲ್ಲ. "ಮೆಲ್ಲಕ ಎಳೀ ಯಪ್ಪಾ. ಮಂದಿಗೆ ಇನ್ನೂ ಹೇಳಿದ್ದಿಲ್ಲ. ನಾಲ್ಕು ತಿಂಗಳ ಬಸುರಿ ಅದಾಳ."

ನಾವು ಮೂವರೂ ಮೆಲ್ಲಗೆ ಎಳೆದೆವು.